ಪಂಚೆ ಉಟ್ಟು ಕೇಲಿಗೆ ಹೋದದ್ದು

ನಾನು ಜೀವಮಾನದಲ್ಲಿ ಒಂದೇ ಒಂದು ಸಲ ಕುಣಿದಿದ್ದೇನೆ. ಅದೂ ತಪ್ಪು ತಿಳಿದು ಹೋಗಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಿಮಗೂ ಗೊತ್ತಿರುತ್ತದೆ. ನನಗೆ ನೆಲದ ಮೇಲೆ ಯಾವ ದೂರೂ ಇಲ್ಲ. ನೆಲ ನೆಟ್ಟಗಿತ್ತು, ಹುಲ್ಲು ಕತ್ತರಿಸಿ ಚೆನ್ನಾಗಿ ಮಟ್ಟ ಮಾಡಿಟ್ಟಿದ್ದರು. ಡೊಂಕಿದ್ದದ್ದು ನನ್ನ ಕಿವಿಯಲ್ಲಿ.

ಉಡುಪಿ ಕಡೆಯ ಕಿವಿ ನನ್ನದು. ಆ ಕಡೆಯವರಿಗೆ 'ಕೇಳಿ' ಅಂದರೇನೆಂದು ಬೇರೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಯಕ್ಷಗಾನದ ಆಟ ಇರುವ ದಿನ, ಮುಸ್ಸಂಜೆಯ ಹೊತ್ತಿಗೆ, ಬಯಲಿನಲ್ಲಿ ಚೆಂಡೆ ಮದ್ದಳೆ ಬಾರಿಸುತ್ತಾರೆ. ವೇಷವಿಲ್ಲ, ಮಾತಿಲ್ಲ, ಬರೀ ಬಡಿತ. 'ಇವತ್ತು ಇಲ್ಲಿ ಆಟ ಉಂಟು, ಬೇಗ ಉಂಡು ಬನ್ನಿ' ಅಂತ ಸುತ್ತಲಿನವರಿಗೆಲ್ಲ ಅದು ಆಮಂತ್ರಣ. ಅದಕ್ಕೆ ಕೇಳಿ ಹೊಡೆಯುವುದು ಅನ್ನುತ್ತಾರೆ. ಗದ್ದೆಯ ಆಚೆಯಿಂದ ಆ ಸದ್ದು ಬರುತ್ತಿತ್ತು. ಗಾಳಿ ಅತ್ತ ತಿರುಗಿದರೆ ಮಾಯ, ಇತ್ತ ತಿರುಗಿದರೆ ಪಕ್ಕದ ಅಂಗಳದಲ್ಲೇ ಬಾರಿಸಿದ ಹಾಗೆ. ಮಗ್ಗಿ ಬರೆಯುತ್ತಿದ್ದ ನನ್ನ ಕೈ ಹದಿಮೂರರ ಮಗ್ಗಿಯ ನಡುವೆ ನಿಂತೇ ಹೋಗುತ್ತಿತ್ತು. ಆಟಕ್ಕೆ ಹೋದ ಮೇಲಂತೂ ವೇಷಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗ ಮುಗಿಯುವುದರೊಳಗೆ ನನಗೆ ನಿದ್ದೆ. ಹಾಗಾಗಿ ನನಗೆ ಆಟಗಳಿಗಿಂತ ಕೇಳಿಗಳೇ ಹೆಚ್ಚು ನೆನಪು. ಸಂಸ್ಕೃತ ಓದಿದವರು, ಕೇಳಿ ಅಂದರೆ ಕ್ರೀಡೆ, ಜಲಕೇಳಿ ಎಂಬಲ್ಲಿ ಬರುವುದೂ ಇದೇ ಅನ್ನುತ್ತಾರೆ. ನಮ್ಮ ಕನ್ನಡ ಮೇಷ್ಟ್ರು ಮಾತ್ರ, 'ಅದೆಲ್ಲ ದೊಡ್ಡ ಮಾತು. ಕೇಳಿ ಅಂದರೆ ಕಿವಿಗೊಟ್ಟು ಕೇಳಿ ಅಂತ, ಅಷ್ಟೇ' ಎಂದು ತೀರ್ಮಾನ ಕೊಟ್ಟುಬಿಟ್ಟಿದ್ದರು. ಯಾರು ಸರಿಯೋ ನಾನು ಕಾಣೆ.

ನಾನು ಹೇಳುತ್ತಿರುವುದು ಈ ಶತಮಾನ ಇನ್ನೂ ಹೊಸದಾಗಿದ್ದ ಕಾಲದ ಮಾತು. ಆಗ ಫೋನಿನಲ್ಲಿ ಮಾತು ಕೇಳಿಸುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ನಾನಿದ್ದದ್ದು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ಅಲ್ಲಿ ಒಳ್ಳೆಯ ಶಾಲೆ ಇದೆಯೆಂದು ಮಗಳಿಗಾಗಿ ಮನೆ ಕೊಂಡಿದ್ದೆವು. ಮಗಳು ಶಾಲೆ ಮುಗಿಸಿ, ಯೂನಿವರ್ಸಿಟಿ ಅಂತ ಕ್ಯಾನ್‌ಬೆರಾಗೆ ಹೋದಳು. ಶಾಲೆ ಮಾತ್ರ ನಮ್ಮ ಬೀದಿಯ ಕೊನೆಯಲ್ಲೇ ಉಳಿಯಿತು, ಮಾರ್ಟ್‌ಗೇಜೂ ಉಳಿಯಿತು. ಬೆಳಿಗ್ಗೆ ಎದ್ದು ರೈಲು ಹತ್ತಿ, ಟ್ರಾಮ್ ಬದಲಿಸಿ, ಡಾಕ್‌ಲ್ಯಾಂಡ್ಸಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೂತು, ಸಂಜೆ ಅದೇ ದಾರಿಯಲ್ಲಿ ತೂಕಡಿಸುತ್ತ ವಾಪಸಾಗುವುದು ನನ್ನ ದಿನಚರಿ. ಹೆಂಡತಿ ಉಮಾ ಇದ್ದದ್ದು ಸಿಡ್ನಿಯ ಪ್ಯಾರಮಟ್ಟಾದಲ್ಲಿ. ಅಪಾರ್ಥ ಮಾಡಿಕೊಳ್ಳಬೇಡಿ, ಜಗಳವೇನೂ ಇಲ್ಲ. ಅವಳು ಮೈಕ್ರೋಬಯಾಲಜಿ ಓದಿದವಳು. ಮಗಳನ್ನು ಬೆಳೆಸುತ್ತ ಹತ್ತು ವರ್ಷ ಅರೆಹೊತ್ತಿನ ಕೆಲಸಗಳಲ್ಲಿ ಕಳೆದವಳಿಗೆ ಅಲ್ಲಿನ ಲ್ಯಾಬೊಂದರಲ್ಲಿ ಓದಿಗೆ ತಕ್ಕ ಕೆಲಸ ಸಿಕ್ಕಿತು. 'ಹೋಗಲಾ?' ಎಂದಳು. 'ನಿನ್ನಿಷ್ಟ' ಎಂದೆ.

ಈ 'ನಿನ್ನಿಷ್ಟ' ಎಂಬ ಮಾತನ್ನು ಕಂಡುಹಿಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಅದರಷ್ಟು ಸಭ್ಯವಾದ, ಅದರಷ್ಟು ಅನುಕೂಲದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಹೇಳಿದವನು ಉದಾರಿ ಅನಿಸಿಕೊಳ್ಳುತ್ತಾನೆ, ಮುಂದೆ ಏನಾದರೂ ಎಡವಟ್ಟಾದರೆ ಅವನ ಮೇಲೆ ಬರುವುದಿಲ್ಲ. ನಾನು ಉಡುಪಿ, ಉಮಾ ಮೈಸೂರು. ಮೈಸೂರಿನವರ ವಿನಯಕ್ಕೆ ನಮ್ಮ ಮೌನ ಸೇರಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಒಂದೂವರೆ ವರ್ಷ ನಾವು ಫೋನಿನಲ್ಲಿ ಮಾತಾಡಿದ್ದು ಅಲ್ಲಿ ಮಳೆಯಾ, ಇಲ್ಲಿ ಸೆಕೆ. ಕರಿಬೇವಿನ ಗಿಡಕ್ಕೆ ನೀರು ಹಾಕಿದ್ರಾ, ಹಾಕಿದೆ. ಊಟ ಆಯ್ತಾ, ಆಯ್ತು. ಎರಡು ವಾರಕ್ಕೊಮ್ಮೆ ಶುಕ್ರವಾರದ ವಿಮಾನ ಹತ್ತಿ ಹೋಗುತ್ತಿದ್ದೆ, ಭಾನುವಾರ ಸಂಜೆ ಬರುತ್ತಿದ್ದೆ. ಬರಬರುತ್ತ ನಾವಿಬ್ಬರೂ ಒಬ್ಬರಿಗೊಬ್ಬರು ಒಳ್ಳೆಯ ನೆಂಟರಾಗಿಬಿಟ್ಟೆವು. ಹೀಗಿರುವಾಗ ಲ್ಯಾಬಿನವರು ಅವಳನ್ನು, ನಿಮ್ಮ ಕೆಲಸ ಪರ್ಮನೆಂಟ್ ಮಾಡುತ್ತೇವೆ, ಒಪ್ಪುತ್ತೀರಾ ಎಂದು ಕೇಳಿದರು. ಸೋಮವಾರ ಉತ್ತರ ಹೇಳಬೇಕು. ಹೌದೆಂದರೆ ಎರಡು ಊರಿನ ಸಂಸಾರವೇ ಖಾಯಂ. ಇಲ್ಲವೆಂದರೆ ಅವಳು ಆ ಕೆಲಸ ಬಿಟ್ಟು ಬರಬೇಕು. 'ಏನ್ ಹೇಳಲಿ?' ಎಂದು ಫೋನಿನಲ್ಲಿ ಕೇಳಿದಳು. ನಾನು ಏನು ಹೇಳಿದೆನೆಂದು ನೀವೇ ಹೇಳಬಲ್ಲಿರಿ.

ಆಮೇಲೆ ಅವಳೇ ಮಾತು ಬದಲಿಸಿದಳು. "ರೀ, ಈ ಶನಿವಾರ ಇಲ್ಲಿ ನದಿ ಪಕ್ಕದ ಪಾರ್ಕಲ್ಲಿ ಫೆಸ್ಟಿವಲ್ ಇದೆ. ಮಧ್ಯಾಹ್ನ ಕೇಲಿ ಇದೆಯಂತೆ. ಹೋಗೋಣ್ವಾ?"

"ಕೇಳಿಯಾ? ಅಲ್ಲಿಯಾ?" ನನಗೆ ನಂಬಿಕೆಯೇ ಬರಲಿಲ್ಲ.

"ಹೂಂ ಕಣ್ರೀ. ಡ್ರಮ್ಮು ಗಿಮ್ಮು ಎಲ್ಲ ಇರತ್ತಂತೆ. ವೇಷ ಹಾಕ್ಕೊಂಡು ಕುಣೀತಾರಂತೆ."

"ಯಾವ ಮೇಳ ಮಾರಾಯ್ತಿ?"

"ಕಲ್ಚರಲ್ ಮೇಳ. ಬೇರೆ ಬೇರೆ ಕಡೆಯಿಂದ ಗ್ರೂಪ್‌ಗಳು ಬರ್ತಾವಂತೆ. ನಮ್ಮ ಲ್ಯಾಬಿನ ಮೊರೀನ್ ಕೂಡ ಇದಾಳೆ."

ಮೊರೀನ್ ಎಂಬ ಬಿಳಿಯ ಹೆಂಗಸು ಯಕ್ಷಗಾನದಲ್ಲಿ! ಇರಬಹುದು, ಈಗಿನ ಕಾಲದಲ್ಲಿ ಯಾರು ಏನು ಕಲಿಯುವುದಿಲ್ಲ ಎಂದುಕೊಂಡೆ. ಫೋನಿನ ತಂತಿಯಲ್ಲಿ ಲಕಾರಕ್ಕೂ ಳಕಾರಕ್ಕೂ ಭೇದ ತಿಳಿಯುವುದಿಲ್ಲ, ಮೈಸೂರಿನವಳಿಗೆ ಕೇಳಿ ಹೊಡೆಯುವುದು ಗೊತ್ತಿರಲು ಸಾಧ್ಯವಿಲ್ಲ, ಇವೆರಡೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ವಾರವೆಲ್ಲ ಟ್ರಾಮಿನಲ್ಲಿ ಕೂತಾಗ ಕಿಟಕಿಯ ಗಾಜಿಗೆ ಹಣೆ ಕೊಟ್ಟರೆ ಸಾಕು, ಗದ್ದೆಯಾಚೆಯ ಚೆಂಡೆ ಶುರುವಾಗುತ್ತಿತ್ತು. ಎರಡು ದಿನ ಇಳಿಯುವ ಸ್ಟಾಪ್ ತಪ್ಪಿತು. ಶುಕ್ರವಾರ ಬ್ಯಾಗಿಗೆ ಜರಿಯಂಚಿನ ಬಿಳಿ ಪಂಚೆ, ಶಲ್ಯ ಹಾಕಿಕೊಂಡೆ. ಊರಿನ ಆಟವನ್ನು ಪರದೇಶದಲ್ಲಿ ನೋಡುವಾಗ ಪ್ಯಾಂಟಿನಲ್ಲಿ ಹೋಗುವುದು ಚೆನ್ನಾಗಿರುವುದಿಲ್ಲ, ನೋಡಿ.

ಶನಿವಾರ ಮಧ್ಯಾಹ್ನ ಪಂಚೆ ಉಟ್ಟು ಶಲ್ಯ ಹೊದ್ದು ಉಮಾಳ ಫ್ಲ್ಯಾಟಿನ ಕೋಣೆಯಿಂದ ಹೊರಗೆ ಬಂದೆ. ಅವಳು ಕಣ್ಣರಳಿಸಿದಳು. "ಪರವಾಗಿಲ್ವೇ! ನಾನು ಹೇಳೋದೇ ಮರೆತಿದ್ದೆ. ಅವರವರ ಟ್ರೆಡಿಶನಲ್ ಡ್ರೆಸ್ಸಲ್ಲಿ ಬನ್ನಿ ಅಂತ ಪಾಂಪ್ಲೆಟಲ್ಲಿ ಹಾಕಿದಾರೆ." ಹೇಳದೆಯೇ ಹೆಂಡತಿಯ ಮನಸ್ಸನ್ನು ಅರಿತ ಗಂಡನ ಗತ್ತಿನಲ್ಲಿ ನಾನು ಲಿಫ್ಟ್ ಇಳಿದೆ. ಅವಳೂ ಒಂದು ಹಸಿರು ಸೀರೆ ಉಟ್ಟಿದ್ದಳು. ಅದನ್ನು ನಾನು ಮೊದಲು ನೋಡಿರಲಿಲ್ಲ, ಚೆನ್ನಾಗಿದೆ ಅಂತ ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಪಾರ್ಕಿಗೆ ಇನ್ನೂ ಒಂದು ತಿರುವು ಇರುವಾಗಲೇ ಡೋಲಿನ ಸದ್ದು ಕೇಳಿಸಿತು. ಎದೆ ಹಿಗ್ಗಿತು, ನಡಿಗೆ ಜೋರಾಯಿತು. ತಿರುವು ದಾಟಿ ನೋಡುತ್ತೇನೆ: ಹುಲ್ಲಿನ ಮೇಲೆ ಹದಿನೈದಿಪ್ಪತ್ತು ಮಂದಿ ಗಂಡಸರು, ಚೌಕುಳಿ ಚೌಕುಳಿಯ ಉಣ್ಣೆಯ ಲಂಗದಲ್ಲಿ, ಮೊಣಕಾಲವರೆಗೆ ಕಾಲುಚೀಲ ಎಳೆದುಕೊಂಡು, ಕಂಕುಳಲ್ಲಿ ಚೀಲದ ವಾದ್ಯ ಅವುಚಿ ಊದುತ್ತಿದ್ದಾರೆ. ನಾನು ನಿಂತಲ್ಲೇ ನಿಂತೆ.

"ಉಮಾ, ಇದೆಂತ?"

"ಹೇಳಿದ್ನಲ್ರೀ. ಕೇಲಿ."

ನಾನು ಅಂದುಕೊಂಡಿದ್ದನ್ನು ಬಿಡಿಸಿ ಹೇಳಿದಾಗ ಅವಳು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಪಾಂಪ್ಲೆಟ್ ತೋರಿಸಿದಳು. ಐರ್ಲೆಂಡು ಸ್ಕಾಟ್ಲೆಂಡಿನವರು ಒಟ್ಟಿಗೆ ಸೇರಿ ಹಾಡಿ ಕುಣಿಯುವ ಕೂಟಕ್ಕೆ ಕೇಲಿ ಅನ್ನುತ್ತಾರಂತೆ. ಆದರೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ceilidh ಎಂದು ಬರೆದದ್ದು ನೋಡಿದರೆ ಯಾವ ದೇವರಿಗೂ ಕೇಲಿ ಎಂದು ಓದಲಾಗದು. ಸೀಲಿದ್ ಎಂದೋ ಏನೋ ಓದಿದೆ. ಏಳು ಅಕ್ಷರಗಳಲ್ಲಿ ನಾಲ್ಕು ದುಡಿಯುತ್ತವೆ. ಉಳಿದವು ಮದುವೆಮನೆಯ ದೂರದ ನೆಂಟರು, ಫೋಟೋಕ್ಕೆ ನಿಲ್ಲಲು ಬಂದವು.

ವಾಪಸ್ ಹೋಗಿ ಪ್ಯಾಂಟು ಹಾಕಿಕೊಂಡು ಬರುತ್ತೇನೆಂದೆ. ಉಮಾ ಬಿಡಲಿಲ್ಲ. ಅಷ್ಟರಲ್ಲಿ ಕಿಲ್ಟ್ ಎಂಬ ಆ ಚೌಕುಳಿ ಲಂಗ ಉಟ್ಟ ಅಜ್ಜರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತ ಹತ್ತಿರ ಬಂದರು. ಅವರ ಹೆಗಲ ಮೇಲೊಂದು ಹೊದಿಕೆ, ನನ್ನ ಹೆಗಲ ಮೇಲೊಂದು ಶಲ್ಯ. ಗಾಳಿಗೆ ಇಬ್ಬರ ಉಡುಗೆಯೂ ಹಾರುತ್ತಿತ್ತು, ಇಬ್ಬರ ಎಡಗೈಯೂ ತೊಡೆಯ ಮೇಲೇ ಇತ್ತು. ಲೋಕದ ಗಂಡಸರಲ್ಲಿ ಪ್ಯಾಂಟಿನವರದು ಒಂದು ಜಾತಿ, ಗಾಳಿಗೆ ಹೆದರುವವರದು ಇನ್ನೊಂದು ಎಂದು ಆ ಕ್ಷಣ ನನಗೆ ಹೊಳೆಯಿತು. ನಾನು ಊರಿನ ಅಭ್ಯಾಸದಂತೆ ಪಂಚೆಯನ್ನು ಮಡಚಿ ಮೊಣಕಾಲವರೆಗೆ ಎತ್ತಿ ಕಟ್ಟಿದ್ದೇ ತಡ, ಅಜ್ಜ ಜೋರಾಗಿ ಚಪ್ಪಾಳೆ ತಟ್ಟಿದರು. ಎತ್ತಿ ಕಟ್ಟಿದ ಪಂಚೆ ಎಂದರೆ ಬಿಳಿಯ ಕಿಲ್ಟಲ್ಲದೆ ಮತ್ತೇನು? ಒಳಗೆ ಏನು ಉಟ್ಟಿದ್ದೀರೆಂದು ಯಾರಾದರೂ ಕೇಳಿದರೆ ಉತ್ತರ ಕೊಡಬೇಡಿ ಎಂದು ಗುಟ್ಟಾಗಿ ಬುದ್ಧಿ ಹೇಳಿ, ತಮ್ಮ ಹೊದಿಕೆಯಿಂದ ದೊಡ್ಡದೊಂದು ಪಿನ್ನು ಬಿಚ್ಚಿ ನನ್ನ ಸೊಂಟದ ಗಂಟಿಗೆ ಚುಚ್ಚಿಕೊಟ್ಟರು.

ಆ ಮಧ್ಯಾಹ್ನವನ್ನು ನಾನು ಅರ್ಧ ಎಚ್ಚರದಲ್ಲಿ, ಅರ್ಧ ಕನಸಿನಲ್ಲಿ ಕಳೆದೆ. ನದಿಯ ಮೇಲಿಂದ ತಣ್ಣನೆಯ ಗಾಳಿ, ಬೆನ್ನಿಗೆ ಹಿತವಾದ ಬಿಸಿಲು, ಒಂದು ಡೇರೆಯಿಂದ ಪಿಟೀಲು, ಇನ್ನೊಂದರಿಂದ ಕೊಳಲು. ಚೀಲದ ವಾದ್ಯದ ಎಡೆಬಿಡದ ಶ್ರುತಿ ಕೇಳುತ್ತ, ನಮ್ಮಲ್ಲೂ ಹಿಂದೆ ಆಟಗಳಲ್ಲಿ ಶ್ರುತಿಗೆ ಪುಂಗಿ ಊದುತ್ತಿದ್ದರಂತೆ ಎಂದು ಹಿರಿಯರು ಹೇಳಿದ್ದು ನೆನಪಾಯಿತು. ಕಣ್ಣು ಮುಚ್ಚಿದರೆ ಉಡುಪಿ, ತೆರೆದರೆ ಪ್ಯಾರಮಟ್ಟಾ. ಐರಿಷ್ ಹುಡುಗಿಯರ ಗುಂಪು ಕುಣಿಯುವುದನ್ನು ನೋಡಿದೆವು. ಸೊಂಟದಿಂದ ಮೇಲೆ ತುಂಬಿದ ಕೊಡ ಹೊತ್ತವರ ಹಾಗೆ ಅಲುಗಾಟವಿಲ್ಲ, ಕೈಗಳು ಪಕ್ಕಕ್ಕೆ ಅಂಟಿಕೊಂಡಿವೆ, ಮುಖ ಶಾಂತ. ಸೊಂಟದಿಂದ ಕೆಳಗೆ ಕಾಲುಗಳು ಕೆಂಡ ತುಳಿದಂತೆ ನೆಗೆಯುತ್ತಿವೆ. ಕೈಯನ್ನೇಕೆ ಆಡಿಸುವುದಿಲ್ಲ ಎಂದು ನಾಲ್ಕು ಜನರನ್ನು ಕೇಳಿದೆ, ನಾಲ್ಕು ಕಾರಣ ಹೇಳಿದರು. ಮುದ್ರೆ, ಅಭಿನಯ ಅಂತ ಕೈಯಲ್ಲೇ ಪುರಾಣ ಹೇಳುವ ನಮಗೆ ಅದು ವಿಚಿತ್ರ. ಉಮಾ ಮೆಲ್ಲಗೆ, "ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ. ಕಾಲು ನೋಡಿದ್ರೆ ಪಾಪ, ಎಷ್ಟು ಒದ್ದಾಡ್ತಿವೆ" ಎಂದಳು. ಆಮೇಲೆ ನನ್ನ ಕಡೆ ಒಮ್ಮೆ ನೋಡಿದಳು.

ನಾಲ್ಕು ಗಂಟೆಗೆ ಕೇಲಿಯ ವರ್ಕ್‌ಶಾಪ್. ಕಲಿಸುವವಳು ಅದೇ ಮೊರೀನ್. ಅರವತ್ತರ ಹತ್ತಿರದ, ಕೆಂಪು ಕೆನ್ನೆಯ, ಗಂಟೆಯಂಥ ದನಿಯ ಹೆಂಗಸು. ನಾನು ನೋಡಲು ಬಂದವನು, ಕುಣಿಯಲು ಅಲ್ಲ ಎಂದೆ. ಪಂಚೆ ಕಟ್ಟಿ ತಯಾರಾಗಿ ಬಂದವನ ಮಾತನ್ನು ಯಾರು ನಂಬುತ್ತಾರೆ? ನಮ್ಮಿಬ್ಬರನ್ನೂ ಎಳೆದು ವೃತ್ತದಲ್ಲಿ ಎದುರುಬದುರು ನಿಲ್ಲಿಸಿ, ಜೋಡಿಯ ಕೈ ಹಿಡಿದುಕೊಳ್ಳಿ ಎಂದು ಕೂಗಿದಳು.

ಇಲ್ಲಿ ನನಗೊಂದು ಕಷ್ಟವಿತ್ತು. ಕೈ ಹಿಡಿದ ಹೆಂಡತಿ ಎಂದು ನಾವು ಬಾಯಲ್ಲಿ ಹೇಳುತ್ತೇವೆ. ನಾನು ಉಮಾಳ ಕೈಯನ್ನು ಜನರೆದುರು ಹಿಡಿದದ್ದು ಒಂದೇ ಸಲ, ಅದೂ ಪುರೋಹಿತರ ಅಪ್ಪಣೆಯಾದ್ದರಿಂದ. ಆಮೇಲೆ ಇಪ್ಪತ್ತೆರಡು ವರ್ಷ ಆ ಪ್ರಮೇಯವೇ ಬಂದಿರಲಿಲ್ಲ. ಈಗ ಮೊರೀನಳ ಅಪ್ಪಣೆಯಂತೆ, ತೊಳೆದಿಟ್ಟ ಪಿಂಗಾಣಿ ತಟ್ಟೆಯನ್ನು ಹಿಡಿದ ಹಾಗೆ, ಬೆರಳ ತುದಿಯಲ್ಲಿ ಹಿಡಿದೆ. ಪಿಟೀಲು ಶುರುವಾಯಿತು. ಕೈಕೈ ಹಿಡಿದು ಗಿರ್ರನೆ ಸುತ್ತಬೇಕು. ಸುತ್ತಲೂ ಜೋಡಿಗಳು ಬುಗುರಿಯಂತೆ ತಿರುಗುತ್ತಿದ್ದರೆ ನಾವಿಬ್ಬರು ದೇವರಿಗೆ ಪ್ರದಕ್ಷಿಣೆ ಬರುವವರ ಹಾಗೆ ಸುಮ್ಮನೆ ನಡೆಯುತ್ತಿದ್ದೆವು.

ಮೊರೀನ್ ವಾದ್ಯ ನಿಲ್ಲಿಸಿ ನಮ್ಮ ಹತ್ತಿರ ಬಂದಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ಸಾರಾಂಶ ಇಷ್ಟು: "ಮಾರಾಯ, ನೀನು ಮರ್ಯಾದಸ್ಥ, ಒಪ್ಪಿದೆ. ಆದರೆ ಇಷ್ಟು ಮರ್ಯಾದೆ ಇಟ್ಟುಕೊಂಡು ಕುಣಿಯಲಾಗದು. ಹಿಂದಕ್ಕೆ ವಾಲು. ನಿನ್ನ ಭಾರ ಅವಳ ಕೈಗೆ ಕೊಡು. ನೀನು ನಿನ್ನ ಭಾರವನ್ನು ನೀನೇ ಹೊತ್ತುಕೊಂಡು ನಿಂತರೆ ಅವಳು ಯಾವುದನ್ನು ಹಿಡಿದು ತಿರುಗಬೇಕು?"

"ಅವಳಿಗೆ ಭಾರವಾಗಬಾರದಲ್ಲ" ಎಂದೆ.

"ಅವಳನ್ನು ಕೇಳಿದ್ದೀಯಾ?" ಎಂದಳು ಮೊರೀನ್. ಉಮಾ ನೆಲ ನೋಡುತ್ತಿದ್ದಳು.

ಆಮೇಲಿನ ಕುಣಿತದಲ್ಲಿ ಒಂದು ನಿಯಮ. ಪ್ರತಿ ಸುತ್ತಿಗೂ ಹೆಂಗಸರು ನಿಂತಲ್ಲೇ ನಿಲ್ಲಬೇಕು, ಗಂಡಸರು ಮುಂದಿನ ಜೋಡಿಗೆ ಸಾಗಬೇಕು. ವಾದ್ಯ ಸಾಕಷ್ಟು ಹೊತ್ತು ನುಡಿದರೆ ವೃತ್ತ ಮುಗಿಸಿ ತನ್ನವಳ ಹತ್ತಿರ ಬಂದು ಸೇರಬಹುದು, ನಡುವೆ ನಿಂತರೆ ಇಲ್ಲ. ನಾನು ಸಾಗಿದೆ. ಒಬ್ಬ ನರ್ಸಮ್ಮ, ಒಬ್ಬ ಅಜ್ಜಿ, ನನ್ನ ಕಾಲು ಮೂರು ಸಲ ತುಳಿದು ನಾಲ್ಕು ಸಲ ಸಾರಿ ಹೇಳಿದ ಒಬ್ಬ ಟೀಚರು. ಅವರ ಕೈಗಳಿಗೆ ಭಾರ ಕೊಡಲು ನನಗೆ ಏನೂ ಕಷ್ಟವಾಗಲಿಲ್ಲ. ಪರಕೀಯರಿಗೆ ಸುಲಭವಾಗಿ ಕೊಟ್ಟದ್ದನ್ನು ಹೆಂಡತಿಗೆ ಕೊಡಲಾರದೆ ಹೋದೆನಲ್ಲ ಎಂದು ಆಶ್ಚರ್ಯಪಡುತ್ತಲೇ ತಿರುಗಿದೆ. ವೃತ್ತದ ಆ ತುದಿಗೆ ಬಂದಾಗ ಎದುರಿಗೆ ದೂರದಲ್ಲಿ ಉಮಾ ಕಂಡಳು. ಪಿನ್ನು ಕೊಟ್ಟ ಅಜ್ಜನ ಜೊತೆ ಸುತ್ತುತ್ತಿದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ ನಗುತ್ತಿದ್ದಳು. ಬಿಸಿಲು ಇಳಿಯುತ್ತಿತ್ತು, ಹಿಂದೆ ನದಿ ಹೊಳೆಯುತ್ತಿತ್ತು, ಪಿಟೀಲು ಎಲ್ಲೋ ನೀರಿನಡಿಯಿಂದ ಬಂದಂತೆ ಕೇಳಿಸುತ್ತಿತ್ತು. ಎಷ್ಟು ಚೆಂದ ಕಾಣುತ್ತಿದ್ದಾಳೆ ಅನ್ನಿಸಿತು. ಇವಳಿಗೆ ನಾನಿಲ್ಲದೆ ನಡೆಯುತ್ತದೆ ಎಂದೂ ಅನ್ನಿಸಿತು. ನಾನು ಇನ್ನೂ ಆರು ಜೋಡಿ ಆಚೆಗಿದ್ದೆ, ವಾದ್ಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದಿತ್ತು. ದೇವರೇ, ಸ್ವಲ್ಪ ತಡೆ, ಸ್ವಲ್ಪ ತಡೆ ಎಂದು ಕುಣಿಯುತ್ತಲೇ ಬೇಡಿಕೊಂಡೆ. ಐವತ್ತು ದಾಟಿದವನು, ಎತ್ತಿ ಕಟ್ಟಿದ ಪಂಚೆಯಲ್ಲಿ, ಐರಿಷ್ ತಾಳಕ್ಕೆ ನೆಗೆಯುತ್ತ ಮಾಡಿದ ಆ ಪ್ರಾರ್ಥನೆಯನ್ನು ಯಾವ ದೇವರು ಕೇಳಿಸಿಕೊಂಡನೋ, ಕಡೆಯ ಸುತ್ತಿಗೆ ನಾನು ಉಮಾಳ ಎದುರಿಗಿದ್ದೆ.

ಈ ಸಲ ಕೈ ಗಟ್ಟಿಯಾಗಿ ಹಿಡಿದೆ. ಹಿಂದಕ್ಕೆ ವಾಲಿದೆ. ಬಿದ್ದೇಬಿಡುತ್ತೇನೆ ಅನ್ನಿಸುವಷ್ಟು ವಾಲಿದೆ. ಅವಳ ಕೈ ಒಮ್ಮೆ ಜಗ್ಗಿತು, ಆಮೇಲೆ ನಿಂತಿತು. ಅವಳೂ ಹಿಂದಕ್ಕೆ ವಾಲಿದ್ದಳು. ತಿರುಗಿದೆವು ನೋಡಿ! ಪಾರ್ಕು, ಡೇರೆ, ನದಿ ಎಲ್ಲ ಕಲಸಿಹೋಗಿ, ಆ ಗಿರಕಿಯಲ್ಲಿ ಅಲುಗದೆ ನಿಂತದ್ದು ಅವಳ ಮುಖ ಒಂದೇ.

ವಾದ್ಯ ನಿಂತ ಮೇಲೆ ನದಿಯ ಕಡೆಗಿನ ಬೆಂಚಿನಲ್ಲಿ ಏದುಸಿರು ಬಿಡುತ್ತ ಕೂತೆವು. ಉಸಿರು ಸರಿಯಾದರೆ ನಾನು ಮತ್ತೆ ಮರ್ಯಾದಸ್ಥನಾಗಿಬಿಡುತ್ತೇನೆ ಎಂಬ ಭಯಕ್ಕೆ ಏದುಸಿರಿನಲ್ಲೇ ಹೇಳಿದೆ. "ಉಮಾ, ಸೋಮವಾರ ಹೌದು ಅನ್ನು."

"ಅಂದ್ರೆ ಮತ್ತೆ ನನ್ನಿಷ್ಟ ಅಂತ ತಾನೇ?"

"ಅಲ್ಲ. ಇದು ನನ್ನಿಷ್ಟ. ಕೆಲಸ ನಿನ್ನದು, ನೀನು ಬಿಡಬಾರದು. ಆದ್ರೆ ನನಗೆ ಅಲ್ಲಿ ಒಬ್ಬನೇ ಇರ್ಲಿಕ್ಕೆ ಆಗುದಿಲ್ಲ. ಮೊದಲ ದಿನದಿಂದಲೂ ಆಗ್ತಾ ಇಲ್ಲ. ನೀನಿಲ್ಲದೆ ಬೇಜಾರಾಗಿ ಸಾಯ್ತಾ ಇದ್ದೇನೆ ಮಾರಾಯ್ತಿ. ನಾನೇ ಇಲ್ಲಿಗೆ ಬರ್ತೇನೆ. ಮನೆ ರೆಂಟಿಗೆ ಕೊಡುವ, ಮಾರುವ, ಎಂತ ಬೇಕಾದ್ರೂ ಮಾಡುವ."

ಅವಳು ನದಿಯನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ಆಮೇಲೆ ಸಿಟ್ಟೇ ಬಂತು. "ಇಷ್ಟು ಹೇಳೋಕೆ ಒಂದೂವರೆ ವರ್ಷ ಬೇಕಾಯ್ತಾ ನಿಮಗೆ? ಒಬ್ರೇ ಹಾಯಾಗಿದೀರಿ ಅಂದ್ಕೊಂಡಿದ್ದೆ ನಾನು. ಕರೆದ್ರೆ ಎಲ್ಲಿ ನಿಮಗೆ ತೊಂದ್ರೆ ಆಗತ್ತೋ ಅಂತ ಬಾಯಿ ಮುಚ್ಕೊಂಡಿದ್ದೆ."

"ನಾನೂ ಹಾಗೇ..." ಎಂದೆ. ಮುಂದೆ ಹೇಳಲು ಅವಳು ಬಿಡಲಿಲ್ಲ.

"ಮೊದಲು ಮನೆಗೆ ನಡೀರಿ. ಆ ಬ್ಯಾಗ್ ಖಾಲಿ ಮಾಡಿ. ಬಂದಾಗೆಲ್ಲ ಬಾಗಿಲ ಪಕ್ಕ ಇಟ್ಕೊಂಡು, ಅದರಿಂದ್ಲೇ ಒಂದೊಂದು ಬಟ್ಟೆ ತೆಕ್ಕೊಂಡು, ಮತ್ತೆ ಅದಕ್ಕೇ ತುಂಬ್ಕೊಂಡು ಹೋಗ್ತೀರಲ್ಲ, ಅದನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯತ್ತೆ."

ಮನೆಗೆ ಬಂದವಳೇ ಕೋಣೆಗೆ ಹೋಗಿ ಬೀರು ತೆರೆದಳು. ಚಿಕ್ಕ ಬೀರು. ಮೇಲಿನ ಅರೆಗಳಲ್ಲಿ ಅವಳ ಸೀರೆ, ಕೋಟು, ಸ್ವೆಟರುಗಳು ಹಿಡಿಸಲಾರದೆ ಹೊರಗೆ ಇಣುಕುತ್ತಿದ್ದವು. ಕೆಳಗೆ ಚಳಿಗಾಲದ ಹೊದಿಕೆಗಳನ್ನು ತುರುಕಿದ್ದಳು. ನಡುವಿನ ಒಂದು ಅರೆ ಮಾತ್ರ ಪೂರ್ತಿ ಖಾಲಿ. ಅದಕ್ಕೆ ನೀಟಾಗಿ ಪೇಪರು ಹಾಸಿತ್ತು. ಪೇಪರಿನ ಅಂಚು ಹಳದಿ ತಿರುಗಿತ್ತು. ಬಗ್ಗಿ ನೋಡಿದೆ. ಅವಳು ಆ ಫ್ಲ್ಯಾಟಿಗೆ ಬಂದ ವಾರದ ಪೇಪರು.

ಅಷ್ಟು ಸಲ ಬಂದು ಹೋದರೂ ನಾನು ಆ ಬೀರುವಿನ ಬಾಗಿಲು ಒಮ್ಮೆಯೂ ತೆರೆದವನಲ್ಲ. ಅವಳ ಬೀರು, ಕೇಳದೆ ತೆರೆಯುವುದು ಮರ್ಯಾದೆಯಲ್ಲ ಅಂತ.